ಮಳೆಗಾಲದಲ್ಲಿ ಬೀಳುವ ಬ್ರೇಕರ್: ತೆಗೆಸಬಹುದೇ?

ಪ್ರಶ್ನೆ: ನಾಪೋಕ್ಲು ಸಮೀಪದ ನಮ್ಮ ಹಳೆಯ ಹೆಂಚಿನ ಮನೆಗೆ ಎರಡು ವರ್ಷಗಳ ಹಿಂದೆ ಹೊಸದಾಗಿ ವೈರಿಂಗ್ ಮಾಡಿಸಿದೆವು. ಮಳೆ ಹಿಡಿದರೆ ಸಾಕು, ಮೀಟರಿನ ಪಕ್ಕದ ‘ಇಎಲ್‌ಸಿಬಿ’ ಎಂಬ ಬ್ರೇಕರ್ (ಕರೆಂಟನ್ನು ತಾನಾಗಿ ಕಡಿಯುವ ಸ್ವಿಚ್) ದಿನಕ್ಕೆ ಮೂರು ನಾಲ್ಕು ಸಲ ಬೀಳುತ್ತದೆ. ಒಂದೊಂದು ಸರ್ಕ್ಯೂಟಿಗೆ ಇರುವ ಪುಟ್ಟ ಬ್ರೇಕರುಗಳಾದ ಎಂಸಿಬಿಗಳು ಮಾತ್ರ ಬೀಳುವುದಿಲ್ಲ. ಎಲ್ಲ ಎಂಸಿಬಿಗಳನ್ನು ಇಳಿಸಿದರೂ ಒಮ್ಮೊಮ್ಮೆ ಅದು ಮೇಲೆ ನಿಲ್ಲುವುದಿಲ್ಲ. ಎಂಸಿಬಿ ಇರುವಾಗ ಇದೇಕೆ, ತೆಗೆದುಬಿಡೋಣ ಎಂದು ವೈರಿಂಗ್ ಮಾಡಿದವರು ಹೇಳುತ್ತಾರೆ. ತೆಗೆಸಬಹುದೇ?

ಉತ್ತರ: ದಯವಿಟ್ಟು ತೆಗೆಸಬೇಡಿ. ಅದು ಬೀಳುತ್ತಿದೆ ಎಂದರೆ ಮನೆಯಲ್ಲಿ ಎಲ್ಲಿಯೋ ಕರೆಂಟ್ ಸೋರುತ್ತಿದೆ ಎಂದರ್ಥ, ಮತ್ತು ಆ ಸೋರಿಕೆ ಎಂಸಿಬಿಯ ಕಣ್ಣಿಗೆ ಬೀಳುವಂಥದ್ದಲ್ಲ.

ಎಂಸಿಬಿಯ ಒಳಗೆ ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ. ಎರಡು ಲೋಹಗಳನ್ನು ಬೆಸೆದ ಒಂದು ಪಟ್ಟಿ, ಹೊರೆ ಹೆಚ್ಚಾದಾಗ ನಿಧಾನವಾಗಿ ಬಿಸಿಯಾಗಿ ಬಾಗಿ ಕೊಕ್ಕೆಯನ್ನು ಬಿಡಿಸುತ್ತದೆ. ಶಾರ್ಟ್ ಸರ್ಕ್ಯೂಟ್ ಆದಾಗ ಅಷ್ಟು ಹೊತ್ತು ಕಾಯುವಂತಿಲ್ಲವಾದ್ದರಿಂದ, ಸುರುಳಿಯಾಕಾರದ ತಂತಿಯೊಂದು ಅಯಸ್ಕಾಂತವಾಗಿ ಕ್ಷಣಾರ್ಧದಲ್ಲಿ ಅದೇ ಕೊಕ್ಕೆಯನ್ನು ತಳ್ಳುತ್ತದೆ. ಇವೆರಡನ್ನೂ ಒಂದೇ ಪುಟ್ಟ ಡಬ್ಬಿಯಲ್ಲಿ ಕೂಡಿಸಿದ ಸಾಧನಕ್ಕೆ ಜರ್ಮನಿಯ ಹ್ಯೂಗೋ ಸ್ಟಾಟ್ಸ್ ಅವರ ಕಂಪನಿ 1924ರಲ್ಲಿ ಪೇಟೆಂಟ್ ಪಡೆಯಿತು. ಈ ಸಾಧನ ರಕ್ಷಿಸುವುದು ತಂತಿಯನ್ನು, ಅಂದರೆ ತಂತಿ ಕಾದು ಬೆಂಕಿ ಹತ್ತದಂತೆ ನೋಡಿಕೊಳ್ಳುತ್ತದೆ. 16 ಆಂಪಿಯರ್ ಎಂಸಿಬಿಗೆ ಮನುಷ್ಯನ ಮೈಮೂಲಕ ಹರಿಯುವ 30 ಮಿಲಿಆಂಪಿಯರ್ ಲೆಕ್ಕಕ್ಕೇ ಸಿಗುವುದಿಲ್ಲ, ಏಕೆಂದರೆ ಅದು 16 ಆಂಪಿಯರಿನ ಐನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಆದರೆ ಪ್ರಾಣ ಹೋಗಲು ಅಂಥ ಕೆಲವು ಹತ್ತು ಮಿಲಿಆಂಪಿಯರುಗಳೇ ಸಾಕು.

ಈಗ ನಿಮ್ಮ ‘ಇಎಲ್‌ಸಿಬಿ’. ಅದು ಬಹುತೇಕ ಆರ್‌ಸಿಸಿಬಿಯೇ ಇರಬೇಕು. ಅರ್ಥ್ ತಂತಿಯಲ್ಲಿನ ವೋಲ್ಟೇಜ್ ನೋಡಿ ಬೀಳುತ್ತಿದ್ದ ಹಳೆಯ ಸಾಧನದ ಹೆಸರು ನಮ್ಮ ಬಾಯಲ್ಲಿ ಉಳಿದುಕೊಂಡಿದೆ, ಅಷ್ಟೆ. ಆರ್‌ಸಿಸಿಬಿಯಲ್ಲಿ ಫೇಸ್ (ಕರೆಂಟ್ ತರುವ ತಂತಿ) ಮತ್ತು ನ್ಯೂಟ್ರಲ್ (ಅದು ಮರಳುವ ತಂತಿ) ಎರಡೂ ಒಂದು ಬಳೆಯಾಕಾರದ ತಿರುಳಿನ ಮೂಲಕ ಹಾದುಹೋಗುತ್ತವೆ. ಹೋದ ಕರೆಂಟೆಲ್ಲ ಮರಳಿ ಬಂದರೆ ಬಳೆಯಲ್ಲಿ ಎರಡರ ಕಾಂತಪ್ರಭಾವ ಪರಸ್ಪರ ರದ್ದಾಗುತ್ತದೆ. ಸ್ವಲ್ಪ ಭಾಗ ಒದ್ದೆ ಗೋಡೆಯ ಮೂಲಕವೋ ಯಾರದೋ ಕೈಯ ಮೂಲಕವೋ ನೆಲಕ್ಕೆ ಇಳಿದರೆ ಆ ಸಮತೋಲ ತಪ್ಪಿ ಕೊಕ್ಕೆ ಕಳಚುತ್ತದೆ. 30 ಮಿಲಿಆಂಪಿಯರಿನದು 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಹೊರೆ ಎಷ್ಟು ಹೆಚ್ಚಾದರೂ ಮಾತ್ರ ಅದಕ್ಕೆ ಗೊತ್ತಾಗದು; ಆದ್ದರಿಂದಲೇ ಎಂಸಿಬಿಯೂ ಬೇಕು. ಎರಡರ ಕೆಲಸವನ್ನೂ ಒಂದೇ ಮಾಡುವ ಆರ್‌ಸಿಬಿಓ ಕೂಡ ಸಿಗುತ್ತದೆ, ಬೆಲೆ ಹೆಚ್ಚು.

ಎಂಸಿಬಿ ಇಳಿಸಿದರೂ ಬೀಳುತ್ತದೆ ಎಂದಿರಲ್ಲ, ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಉಪಯುಕ್ತವಾದ ಮಾಹಿತಿ ಅದೇ. ಮನೆಗಳ ಒಂಟಿ ಪೋಲಿನ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಹಾಗೆಯೇ ಕೂಡಿಕೊಂಡಿರುತ್ತದೆ. ನ್ಯೂಟ್ರಲ್ ಎಲ್ಲಿಯಾದರೂ ಒದ್ದೆಯಾಗಿ ಅರ್ಥ್‌ಗೆ ತಾಗಿದ್ದರೆ ಆರ್‌ಸಿಸಿಬಿ ಬೀಳುತ್ತದೆ. ಪರವಾನಗಿಯುಳ್ಳ ವೈರ್‌ಮನ್‌ನಿಂದ ಮೇನ್ ಆಫ್ ಮಾಡಿಸಿ, ಪ್ರತಿ ಸರ್ಕ್ಯೂಟಿನ ಫೇಸ್, ನ್ಯೂಟ್ರಲ್ ಎರಡನ್ನೂ ಬಿಚ್ಚಿಸಿ, ತಂತಿಯ ಹೊದಿಕೆಯಿಂದ ಸೋರಿಕೆ ಇದೆಯೇ ಎಂದು ಅಳೆಯುವ ಮೆಗ್ಗರ್‌ನಿಂದ ಒಂದೊಂದನ್ನೇ ಅಳೆಯಿಸಿ. ಕೊಡಗಿನ ಮನೆಗಳಲ್ಲಿ ನಾನು ಮೊದಲು ನೋಡುವುದು ಗೇಟಿನ ದೀಪ, ಬಚ್ಚಲಿನ ಗೀಸರ್, ಅಟ್ಟದ ಮೇಲೆ ಹೆಂಚಿನಿಂದ ಹನಿ ಬೀಳುವ ಕಡೆಯ ಜಾಯಿಂಟ್, ಈ ಮೂರು. ಕಳೆದ ಆಗಸ್ಟ್‌ನಲ್ಲಿ ಪರಿಚಿತರೊಬ್ಬರ ಗೇಟಿನ ದೀಪ ಬಿಚ್ಚಿದಾಗ ಗಾಜಿನ ಗುಂಡಿನೊಳಗೆ ಅರ್ಧ ಲೋಟ ನೀರಿತ್ತು, ಹೋಲ್ಡರಿನ ತಿರುಪುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಅಲ್ಲಿಯೂ ಮನೆಯವರು ಬ್ರೇಕರನ್ನೇ ದೂರುತ್ತಿದ್ದರು.

ಕೆಲವರು ಬ್ರೇಕರಿನ ಗುಂಡಿಗೆ ಕಡ್ಡಿ ಸಿಕ್ಕಿಸಿ ಮೇಲೆ ನಿಲ್ಲಿಸಲು ನೋಡುತ್ತಾರೆ. ಗುಂಡಿಯನ್ನು ಹಿಡಿದಿಟ್ಟರೂ ಒಳಗಿನ ಕೊಕ್ಕೆ ಕಳಚಿಯೇ ತೀರುವಂತೆ ಅದನ್ನು ರಚಿಸಿರುವುದರಿಂದ ಅದು ವ್ಯರ್ಥ ಪ್ರಯತ್ನ. ‘ಟಿ’ ಎಂದು ಬರೆದ ಗುಂಡಿಯನ್ನು ಮಾತ್ರ ತಿಂಗಳಿಗೊಮ್ಮೆ ಒತ್ತಿ ನೋಡಿ; ಒತ್ತಿದಾಗ ಬೀಳದಿದ್ದರೆ ಆಗ ಬದಲಾಯಿಸಿ.

ಪ್ರಶ್ನೆ: ಸೋಮವಾರಪೇಟೆಯ ನಮ್ಮ ತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್‌ಗೆ 5 ಎಚ್‌ಪಿ ತ್ರೀ ಫೇಸ್ ಮೋಟಾರ್ ಇದೆ. ಚಾಲೂ ಮಾಡಿದ ತಕ್ಷಣ ಎಂಸಿಬಿ ಬೀಳುತ್ತದೆ. ಎಂಸಿಬಿಯ ಮೇಲೆ ‘ಬಿ10’ ಎಂದು ಬರೆದಿದೆ.

ಉತ್ತರ: ಅಕ್ಷರವೇ ಕಾರಣ. ‘ಬಿ’ ಬಗೆಯದು ತನ್ನ ಮಿತಿಯ 3ರಿಂದ 5 ಪಟ್ಟು ಕರೆಂಟಿಗೆ ತಕ್ಷಣ ಬೀಳುತ್ತದೆ, ‘ಸಿ’ 5ರಿಂದ 10 ಪಟ್ಟಿಗೆ, ‘ಡಿ’ 10ರಿಂದ 20 ಪಟ್ಟಿಗೆ. ನಿಮ್ಮ ಮೋಟಾರ್ ಓಡುವಾಗ ಸುಮಾರು 7 ಆಂಪಿಯರ್ ಎಳೆದರೂ ನೇರವಾಗಿ ಚಾಲೂ ಮಾಡಿದಾಗ ಅದರ ಆರು ಪಟ್ಟಿನಷ್ಟು ಎಳೆಯುವುದು ಸಾಮಾನ್ಯ; 10 ಆಂಪಿಯರ್ ಮಿತಿಯ ‘ಬಿ10’ ಅದನ್ನು ಶಾರ್ಟ್ ಸರ್ಕ್ಯೂಟ್ ಎಂದೇ ಎಣಿಸುತ್ತದೆ. ತಂತಿಯ ದಪ್ಪಕ್ಕೆ ಹೊಂದುವುದಾದರೆ ‘ಸಿ16’ ಹಾಕಿಸಿ. ಆದರೆ ಒಂದು ಫೇಸ್ ಹೋದಾಗ ಮೋಟಾರ್ ಸುಡುವುದನ್ನು ತಪ್ಪಿಸಲು ಎಂಸಿಬಿಯನ್ನು ನಂಬುವಂತಿಲ್ಲ. ಅದಕ್ಕೆ ಸ್ಟಾರ್ಟರಿನ ಓವರ್‌ಲೋಡ್ ರಿಲೇಯನ್ನು ಮೋಟಾರಿನ ಫಲಕದಲ್ಲಿರುವ ಆಂಪಿಯರಿಗೆ ಸರಿಹೊಂದಿಸಿ, ಫೇಸ್ ತಪ್ಪಿದರೆ ನಿಲ್ಲಿಸುವ ಪ್ರಿವೆಂಟರ್ ಒಂದನ್ನೂ ಹಣ್ಣು ಕೊಯ್ಲಿಗೆ ಬರುವ ಮೊದಲೇ ಹಾಕಿಸಿಕೊಳ್ಳಿ.