ಧೈರ್ಯ ಕಡಿಮೆ ಅಂತ ಹಿಂಜರಿಯಬೇಡಿ, ಆದರೆ ಒಬ್ಬರೇ ಸಹಿ ಹಾಕಬೇಡಿ

ಬೆಳಗಾವಿಯಲ್ಲಿ ಎಂ.ಕಾಂ. ಓದುತ್ತಿದ್ದೀರಿ. ವಿಭಾಗದವರು ಮಹಿಳಾ ಪ್ರತಿನಿಧಿ ಆಗು ಅನ್ನುತ್ತಿದ್ದಾರೆ. ನಿಮಗೆ ಅಷ್ಟು ಧೈರ್ಯ ಇಲ್ಲ ಅನ್ನಿಸುತ್ತಿದೆ. ಒಪ್ಪಿಕೊಳ್ಳಲೋ, ಬೇರೆ ಗುಂಪು ಕಟ್ಟಲೋ ಅಂತ ಕೇಳಿದ್ದೀರಿ. ನಾನೂ ಇದೇ ಊರಿನ ಒಂದು ಕ್ಯಾಂಪಸ್ಸಿನಲ್ಲಿ ಓದಿದವಳು. ನನಗೆ ಧೈರ್ಯಕ್ಕೆ ಕಡಿಮೆ ಇರಲಿಲ್ಲ. ಕೆಲಸ ಕೆಟ್ಟಿದ್ದು ಅದರಿಂದಲೇ.

ನಮ್ಮಲ್ಲಿ ಲೈಬ್ರರಿ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತಿತ್ತು. ಹುಡುಗಿಯರು ಮಾತ್ರ ಆರೂವರೆಗೆ ಹಾಸ್ಟೆಲ್ ಗೇಟಿನೊಳಗೆ ಇರಬೇಕು. ಐದರವರೆಗೆ ಕ್ಲಾಸು. ರೆಫರೆನ್ಸ್ ಪುಸ್ತಕ ಹೊರಗೆ ಕೊಡುವುದಿಲ್ಲ. ಕಾಲೇಜು ಮೇಷ್ಟ್ರಾಗಲು ಬರೆಯುವ ನೆಟ್ ಪರೀಕ್ಷೆಗೆ ಓದುವವರು ಏನು ಮಾಡಬೇಕು ಹೇಳಿ? ದಿನಾ ಊಟದ ಹೊತ್ತಿಗೆ ಇದೇ ಮಾತು. ಮಾತಾಡುತ್ತಾ ಮಾತಾಡುತ್ತಾ ಮೆಸ್ಸಿನ ಒಂದು ಮೂಲೆ ನಮ್ಮದಾಯಿತು. ಯಾರ ಹತ್ತಿರ ಯಾವ ನೋಟ್ಸ್ ಇದೆ, ಯಾರಿಗೆ ಜ್ವರ, ಯಾರ ಮನೆಯಲ್ಲಿ ಗಂಡು ನೋಡುತ್ತಿದ್ದಾರೆ ಎಲ್ಲವೂ ಅಲ್ಲಿಗೇ ಬರುತ್ತಿತ್ತು. ಹೆಸರಿಲ್ಲ, ಅಧ್ಯಕ್ಷೆ ಇಲ್ಲ, ಆದರೂ ಅದು ಒಳ್ಳೆಯ ಗುಂಪು.

ಆಮೇಲೆ ಲೈಬ್ರರಿ ಮುಚ್ಚುವವರೆಗೆ ನಮ್ಮನ್ನೂ ಹೊರಗಿರಲು ಬಿಡಿ ಅಂತ ನಾನು ಅರ್ಜಿ ಬರೆದೆ. ಒಬ್ಬಳೇ ಸಹಿ ಹಾಕಿದೆ. ಒಬ್ಬಳೇ ಹೋಗಿ ಕೊಟ್ಟೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಆಗ ಅದು ನನಗೆ ತಪ್ಪು ಅಂತ ಕಾಣಲೇ ಇಲ್ಲ. ಬೇರೆ ಹುಡುಗಿಯರಿಗೆ ತೊಂದರೆ ಆಗಬಾರದು, ಬೈಗುಳ ಬಂದರೆ ನನಗೇ ಬರಲಿ ಅಂತ ಇತ್ತು. ಮುಂದೆ ನಿಲ್ಲುವುದು ಅಂದರೆ ಅದೇ ಅಂದುಕೊಂಡಿದ್ದೆ. ಅವರಲ್ಲಿ ಕೆಲವರು "ನಾವೂ ಹಾಕ್ತೀವಿ" ಅಂದಿದ್ದರು. ಬೇಡ ಅಂದವಳು ನಾನೇ. ಅರ್ಜಿ ನೋಡಿದ ಅಧಿಕಾರಿ ಕೇಳಿದ್ದು ಒಂದೇ ಮಾತು: "ಈ ತ್ರಾಸ ನಿನಗೊಬ್ಬಾಕಿಗೇ ಐತೇನವಾ?" ಎಲ್ಲರಿಗೂ ಇದೆ ಅಂದೆ. ಕಾಗದದಲ್ಲಿ ಒಂದೇ ಹೆಸರಿತ್ತು. ಒಂದೇ ಹೆಸರಿದ್ದರೆ ಅವರಿಗೆ ಕೆಲಸ ಸುಲಭ. ಹಾಸ್ಟೆಲ್ ಗೇಟಿನ ಸಮಯದ ಬಗ್ಗೆ ಯೋಚಿಸಬೇಕಾಗಿಲ್ಲ, ಆ ಹುಡುಗಿಯನ್ನು ಸರಿಪಡಿಸಿದರೆ ಸಾಕು. ನಲವತ್ತು ಮನೆಗೆ ಫೋನ್ ಮಾಡುವುದು ಕಷ್ಟ, ಒಂದು ಮನೆಗೆ ಮಾಡುವುದು ಕಷ್ಟವಲ್ಲ. ಬೈಲಹೊಂಗಲ ಕಡೆಯ ನಮ್ಮ ಹಳ್ಳಿಗೆ ಫೋನ್ ಹೋಯಿತು, "ನಿಮ್ಮ ಮಗಳು ರಾತ್ರಿ ಹೊರಗೆ ಇರಬೇಕು ಅಂತಿದ್ದಾಳೆ" ಅಂತ. ಅಪ್ಪ ಬಂದು ರೂಮು ಖಾಲಿ ಮಾಡಿಸಿದರು. ನನ್ನ ಉಳಿದ ಓದೆಲ್ಲ ಬಸ್ಸಿನಲ್ಲೇ ಆಯಿತು. ಇನ್ನೊಂದು ನಷ್ಟ ಇದಕ್ಕಿಂತ ದೊಡ್ಡದು. ಇವಳಿಗೇ ಹೀಗಾದರೆ ನಮ್ಮ ಗತಿ ಏನು ಅಂತ ಮೆಸ್ಸಿನ ಆ ಗುಂಪು ಚದುರಿಹೋಯಿತು. ನಾನು ಕಾಪಾಡಿದೆ ಅಂದುಕೊಂಡವರೇ ಹೆದರಿ ಸುಮ್ಮನಾದರು.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಧೈರ್ಯ ಬಂದ ಮೇಲೆ ಮುಂದಾಳು ಆಗುವುದಲ್ಲ. ಕಿತ್ತೂರು ಚನ್ನಮ್ಮನ ಹೆಸರು ಹೇಳಿ ನಮ್ಮನ್ನೆಲ್ಲ ಹುರಿದುಂಬಿಸುತ್ತಾರಲ್ಲ, 1824ರಲ್ಲಿ ಬ್ರಿಟಿಷರ ಎದುರು ನಿಂತಾಗ ಆಕೆಯ ಜೊತೆ ಅಮಟೂರು ಬಾಳಪ್ಪ ಇದ್ದ, ಸಂಗೊಳ್ಳಿ ರಾಯಣ್ಣ ಇದ್ದ, ಇಡೀ ಸಂಸ್ಥಾನದ ಜನ ಇದ್ದರು. ಆ ಭಾಗವನ್ನು ಭಾಷಣದಲ್ಲಿ ಯಾರೂ ಜಾಸ್ತಿ ಹೇಳುವುದಿಲ್ಲ.

ಬಸ್ಸಿನಲ್ಲಿ ನನಗೆ ಬೇರೆಯೇ ಹುಡುಗಿಯರು ಸಿಕ್ಕರು. ದಿನಾ ಊರಿಂದ ಬಂದು ಹೋಗುವವರು. ಹಾಸ್ಟೆಲಿನಲ್ಲಿದ್ದಾಗ ಅವರ ಮುಖವನ್ನೂ ನಾನು ಸರಿಯಾಗಿ ನೋಡಿರಲಿಲ್ಲ. ಅವರಿಗೆ ಲೈಬ್ರರಿ ಎಷ್ಟು ಗಂಟೆಗೆ ಮುಚ್ಚಿದರೂ ಒಂದೇ, ಐದೂವರೆ ಬಸ್ಸು ತಪ್ಪಿದರೆ ಮುಗಿಯಿತು. ಅವರಿಗೆ ಬೇಕಿದ್ದದ್ದು ಕೂತು ಡಬ್ಬಿ ತಿನ್ನಲು ಒಂದು ಕೋಣೆ, ಮುಟ್ಟಿನ ದಿನಗಳಲ್ಲಿ ನೀರು ಬರುವ ಶೌಚಾಲಯ. ಖಾನಾಪುರ ಕಡೆಯ ಹುಡುಗಿಯರ ಮನೆಮಾತು ಮರಾಠಿ. ಕನ್ನಡದಲ್ಲಿ ಬರೆದ ನಮ್ಮ ಅರ್ಜಿಯನ್ನು ಅವರಿಗೆ ಯಾರೂ ಓದಿ ಹೇಳಿಯೇ ಇರಲಿಲ್ಲ.

ಎರಡನೇ ಅರ್ಜಿಯಲ್ಲಿ ಹಾಸ್ಟೆಲಿನ ಬೇಡಿಕೆ, ಬಸ್ಸಿನವರ ಬೇಡಿಕೆ ಎರಡೂ ಇದ್ದವು. ಒಬ್ಬಳು ಅದನ್ನು ಮರಾಠಿಯಲ್ಲಿ ಬಾಯಿಬಿಟ್ಟು ಓದಿದಳು. ಸಹಿ ಹಾಕುವ ಮೊದಲು ಪ್ರತಿಯೊಬ್ಬಳೂ ಮನೆಗೆ ತಾನೇ ವಿಷಯ ಹೇಳಿದಳು, ಅವ್ವನಿಗಾದರೂ. ಸಹಿಗಳನ್ನು ಸಾಲಾಗಿ ಹಾಕದೆ ದುಂಡಗೆ ಹಾಕಿದೆವು, ಮೊದಲ ಹೆಸರು ಯಾವುದು ಅಂತ ಗೊತ್ತಾಗಬಾರದು ಅಂತ. ಪಿಎಚ್.ಡಿ. ಮಾಡುತ್ತಿದ್ದ ಅಕ್ಕಂದಿರೂ ಸೇರಿದರು. ಅರ್ಜಿ ಕೊಡಲು ಹೋದಾಗ ಮಾತಾಡಿದ್ದು ನಾನಲ್ಲ, ಮೊದಲ ವರ್ಷದ ಒಬ್ಬ ಹುಡುಗಿ. ಡಬ್ಬಿ ತಿನ್ನುವ ಕೋಣೆ ಬೇಗ ಸಿಕ್ಕಿತು. ಹಾಸ್ಟೆಲ್ ಗೇಟಿನ ಸಮಯ ನಾನು ಕ್ಯಾಂಪಸ್ ಬಿಟ್ಟ ಮೇಲೆ ಬದಲಾಯಿತು. ಅದನ್ನು ಮುಗಿಸಿದವರು ನನ್ನ ನಂತರದವರು. ನನಗೆ ಅದರಷ್ಟು ಖುಷಿ ಕೊಟ್ಟದ್ದು ಬೇರೆ ಇಲ್ಲ.

ಈಗ ನಿಮ್ಮ ಪ್ರತಿನಿಧಿ ಸ್ಥಾನ. ಕರ್ನಾಟಕದಲ್ಲಿ ವಿದ್ಯಾರ್ಥಿ ಚುನಾವಣೆ ನಿಂತು ಮೂರು ದಶಕಗಳ ಮೇಲಾಯಿತು. ನಿಮ್ಮನ್ನು ಆರಿಸುತ್ತಿರುವುದು ಮೇಷ್ಟ್ರುಗಳು, ಹುಡುಗಿಯರಲ್ಲ. ಬಂದರೆ ಬೇಡ ಅನ್ನಬೇಡಿ, ಆದರೆ ಅದನ್ನೇ ಕಾಯಬೇಡಿ. ಮಾರ್ಚ್ 8ರ ಮಹಿಳಾ ದಿನದ ಕಾರ್ಯಕ್ರಮದಲ್ಲಿ ರಂಗೋಲಿ, ನಿರೂಪಣೆ, ಹೂಗುಚ್ಛ ಕೊಡುವ ಕೆಲಸಕ್ಕೆ ಮಾತ್ರ ಕರೆದರೆ ಆ ಸ್ಥಾನದಿಂದ ಏನೂ ಆಗುವುದಿಲ್ಲ. ಮೊದಲು ಬಸ್‌ಸ್ಟಾಪಿಗೆ ಹೋಗಿ ನಿಲ್ಲಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಹೆಣ್ಣುಮಕ್ಕಳಿಗೆ ಉಚಿತ. ನಮ್ಮ ಕಾಲದ ಪಾಸಿನ ಚಿಂತೆ ಈಗ ಇಲ್ಲ. ಬಸ್ಸಿನಲ್ಲಿ ಬರುವವರ ಪರಿಚಯ ಮಾಡಿಕೊಳ್ಳದೆ ಹಾಸ್ಟೆಲಿನವರನ್ನಷ್ಟೇ ಸೇರಿಸಿದರೆ ಅದು ಅರ್ಧ ಗುಂಪು.

ಇನ್ನೊಂದು ಜಾಗ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಲೈಂಗಿಕ ಕಿರುಕುಳ ತಡೆಯಲು ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2015ರಲ್ಲಿ ನಿಯಮ ಮಾಡಿದೆ. ಅದರ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ಆಂತರಿಕ ದೂರು ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಂಗಸರಿರಬೇಕು. ಕುಲಪತಿ, ಕುಲಸಚಿವರಂಥ ದೊಡ್ಡ ಹುದ್ದೆಯವರು ಇರುವಂತಿಲ್ಲ. ವಿಷಯ ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದಾದರೆ ಪದವಿ, ಸ್ನಾತಕೋತ್ತರ, ಸಂಶೋಧನೆ ಈ ಮೂರು ಹಂತದಿಂದ ಒಬ್ಬೊಬ್ಬ ವಿದ್ಯಾರ್ಥಿ ಕೂರಬೇಕು. ಅವರನ್ನು ಪಾರದರ್ಶಕವಾಗಿ, ಚುನಾವಣೆಯಿಂದಲೇ ಆರಿಸಬೇಕು. ನಿಮ್ಮ ಕ್ಯಾಂಪಸ್ಸಿನಲ್ಲಿ ಆ ಮೂವರು ಯಾರು, ಅವರಿಗೆ ಮತ ಹಾಕಿದವರು ಯಾರು ಅಂತ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಕೇಳುವ ಕಾಗದಕ್ಕೆ ಸಹಿಗಳು ದುಂಡಗೆ ಇರಲಿ, ಒಂದು ಪ್ರತಿ ಮರಾಠಿಯಲ್ಲೂ ಇರಲಿ.