ಗ್ಯಾರೇಜ್ ಮಾತು: ಗೇರ್ ಲಿವರ್ ‘ಪಿ’ ಬಿಟ್ಟು ಕದಲದಿದ್ದರೆ

ಈ ಸಲದ ಪತ್ರಗಳಲ್ಲಿ ಹಳೆಯ ಆಟೋಮ್ಯಾಟಿಕ್ ಕಾರಿನವರದ್ದೇ ಜಾಸ್ತಿ. ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ತೆಗೆದುಕೊಳ್ಳುವವರು ಹೆಚ್ಚಾಗಿದ್ದಾರೆ, ಅವರ ಜೊತೆ ಹಳೆಯ ಕಾಯಿಲೆಗಳೂ ಬಂದಿವೆ. ಮೈಲೇಜ್, ಟೈರಿನ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವತ್ತು ಪೂರ್ತಿ ಗೇರ್ ಲಿವರ್ ವಿಷಯವನ್ನೇ ಮಾತಾಡೋಣ.

ಪ್ರಶ್ನೆ: ಸರ್, ನನ್ನದು 2008ರ ಪೆಟ್ರೋಲ್ ಸೆಡಾನ್, ಆಟೋಮ್ಯಾಟಿಕ್. ಮೊನ್ನೆ ಬೆಳಿಗ್ಗೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್‌ನಲ್ಲಿ ಗಾಡಿ ಚೆನ್ನಾಗಿಯೇ ಸ್ಟಾರ್ಟ್ ಆಯಿತು, ಆದರೆ ಲಿವರ್ ‘ಪಿ’ (ಪಾರ್ಕ್) ಬಿಟ್ಟು ಅಲ್ಲಾಡಲೇ ಇಲ್ಲ. ಬ್ರೇಕ್ ಎಷ್ಟು ಒತ್ತಿದರೂ ಅಷ್ಟೇ. ಪಕ್ಕದ ಗ್ಯಾರೇಜಿನವರು ಬಂದು ನೋಡಿ ‘ಗೇರ್‌ಬಾಕ್ಸ್ ಹೋಗಿದೆ, ಇಳಿಸಬೇಕು’ ಅಂದರು. ಅವರು ಹೇಳಿದ ದುಡ್ಡು ಕೇಳಿ ತಲೆ ತಿರುಗಿತು. ಇಳಿಸಲಾ, ಬೇಡವಾ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಇಳಿಸಬೇಡಿ. ಬ್ರೇಕ್ ಲೈಟ್ ಕೂಡ ನೋಡದೆ ಗೇರ್‌ಬಾಕ್ಸ್ ಇಳಿಸುವುದು ಅಂದರೆ ಬಾಗಿಲಿನ ಚಿಲಕ ಬಿಗಿಯಾಗಿದೆ ಅಂತ ಗೋಡೆ ಒಡೆದ ಹಾಗೆ.

ನಿಮ್ಮ ಲಿವರನ್ನು ಹಿಡಿದಿರುವ ಬೀಗ ಗೇರ್‌ಬಾಕ್ಸಿನ ಒಳಗೆ ಇಲ್ಲ. ಅದು ಇರುವುದು ಲಿವರಿನ ಬುಡದಲ್ಲಿ, ಎರಡು ಸೀಟಿನ ನಡುವಿನ ಕನ್ಸೋಲ್ ಒಳಗೆ. ಅಲ್ಲೊಂದು ಪುಟ್ಟ ಸೊಲೆನಾಯ್ಡ್ ಇರುತ್ತದೆ, ಅಂದರೆ ಕರೆಂಟ್ ಬಂದಾಗ ಕಡ್ಡಿಯೊಂದನ್ನು ಎಳೆದುಕೊಳ್ಳುವ ಸುರುಳಿ. ನೀವು ಕೀ ‘ಆನ್’ಗೆ ತಿರುಗಿಸಿ ಬ್ರೇಕ್ ಒತ್ತಿದಾಗ, ಪೆಡಲಿನ ಮೇಲ್ಭಾಗದಲ್ಲಿರುವ ಬ್ರೇಕ್ ಸ್ವಿಚ್ ಎರಡು ಕೆಲಸ ಮಾಡುತ್ತದೆ: ಹಿಂದಿನ ಬ್ರೇಕ್ ಲೈಟ್ ಹತ್ತಿಸುತ್ತದೆ, ಜೊತೆಗೆ ‘ಬ್ರೇಕ್ ಒತ್ತಿದ್ದಾರೆ, ಬಿಡು’ ಅಂತ ಈ ಸೊಲೆನಾಯ್ಡ್‌ಗೂ ಸುದ್ದಿ ಮುಟ್ಟಿಸುತ್ತದೆ. ಸುದ್ದಿ ಮುಟ್ಟದಿದ್ದರೆ ಬೀಗ ತೆಗೆಯುವುದಿಲ್ಲ. ಗೇರ್‌ಬಾಕ್ಸ್ ಹೊಸದೇ ಇದ್ದರೂ ಲಿವರ್ ಕದಲುವುದಿಲ್ಲ.

ಹಾಗಾಗಿ ಮೊದಲು ನೋಡಬೇಕಾದ್ದು ಬ್ರೇಕ್ ಲೈಟ್. ಬೇಸ್‌ಮೆಂಟ್‌ನಲ್ಲಿದ್ದೀರಲ್ಲ, ಒಳ್ಳೆಯದೇ ಆಯಿತು. ಬ್ರೇಕ್ ಒತ್ತಿ ಹಿಂದಿನ ಗೋಡೆ ಮೇಲೆ ಕೆಂಪು ಬೆಳಕು ಬೀಳುತ್ತದಾ ಅಂತ ಕನ್ನಡಿಯಲ್ಲಿ ನೋಡಿ, ಇಲ್ಲವೇ ವಾಚ್‌ಮನ್‌ನ ಒಂದು ನಿಮಿಷ ಹಿಂದೆ ನಿಲ್ಲಲು ಹೇಳಿ. ಒಂದೇ ಕಡೆ ಹತ್ತದಿದ್ದರೆ ಅದು ಬಲ್ಬಿನ ಕಥೆ, ನಮ್ಮ ವಿಷಯಕ್ಕೆ ಸಂಬಂಧವಿಲ್ಲ. ಎಡ, ಬಲ, ಮೇಲಿನದು, ಮೂರೂ ಹತ್ತದಿದ್ದರೆ ಕಳ್ಳ ಸಿಕ್ಕಿದ ಅಂತಲೇ ಲೆಕ್ಕ. ಬಹುಪಾಲು ಸ್ವಿಚ್, ಇಲ್ಲವೇ ಫ್ಯೂಸ್.

ಇವೆರಡರಲ್ಲಿ ಯಾವುದು? ಹಾರ್ನ್ ಹೊಡೆದು ನೋಡಿ. ಹೋಂಡಾದಂಥ ಹಲವು ಕಾರುಗಳಲ್ಲಿ ಹಾರ್ನ್ ಮತ್ತು ಬ್ರೇಕ್ ಲೈಟಿಗೆ ಒಂದೇ ಫ್ಯೂಸ್ ಇರುತ್ತದೆ, ಎರಡೂ ಒಟ್ಟಿಗೆ ಸತ್ತಿದ್ದರೆ ಫ್ಯೂಸ್ ಬಾಕ್ಸ್ ತೆರೆಯುವುದು ವಾಸಿ. ಸುಟ್ಟ ಫ್ಯೂಸ್ ಸಿಕ್ಕಿದರೆ ಅದೇ ಆಂಪಿಯರ್‌ನದ್ದು ಹಾಕಿ. ಅದೂ ತಕ್ಷಣ ಸುಟ್ಟರೆ ಎಲ್ಲೋ ವೈರ್ ಶಾರ್ಟ್ ಆಗಿದೆ ಅಂತ ಅರ್ಥ, ದೊಡ್ಡ ಫ್ಯೂಸ್ ಹಾಕುವ ಜಾಣತನ ಮಾತ್ರ ಬೇಡ. ಹಳೆಯ ಕಾರಾದ್ದರಿಂದ ಡಿಕ್ಕಿಯ ಬಾಗಿಲಿನ ಹಿಂಜಿನ ಹತ್ತಿರ ವೈರ್ ಮಡಚಿ ಮಡಚಿ ಸಿಪ್ಪೆ ಬಿಟ್ಟಿರಬಹುದು, ಹಿಂದಿನ ಮಾಲೀಕರು ರಿವರ್ಸ್ ಕ್ಯಾಮೆರಾ ಹಾಕಿಸುವಾಗ ಯಾರೋ ಬ್ರೇಕ್ ಲೈಟಿನ ವೈರಿಗೆ ಕೈ ಹಾಕಿರಬಹುದು. ಇನ್ನು ಇಲಿ. ಬೇಸ್‌ಮೆಂಟ್ ಇರುವ ಕಡೆ ಇಲಿಯನ್ನು ಯಾವತ್ತೂ ಪಟ್ಟಿಯಿಂದ ತೆಗೆಯಬೇಡಿ.

ಫ್ಯೂಸ್ ಸರಿ ಇದ್ದರೆ ಸ್ವಿಚ್. ಟಾರ್ಚ್ ಹಿಡಿದು ಬ್ರೇಕ್ ಪೆಡಲಿನ ತೋಳಿನ ಮೇಲ್ಗಡೆ ನೋಡಿ, ವೈರ್ ಕನೆಕ್ಟರ್ ಸಿಕ್ಕಿಸಿರುವ ಬೆರಳು ಗಾತ್ರದ ಭಾಗ ಕಾಣುತ್ತದೆ. ಕನೆಕ್ಟರ್ ಸಡಿಲವಾಗಿದ್ದರೆ ಒತ್ತಿ ಕೂರಿಸಿ. ಎರಡೇ ವೈರ್ ಇರುವ ಸ್ವಿಚ್ ಆದರೆ ಒಂದು ಸುಲಭದ ಪರೀಕ್ಷೆ ಇದೆ: ಕನೆಕ್ಟರ್ ಕಳಚಿ, ಅದರ ಎರಡು ತೂತುಗಳಿಗೆ ಸಣ್ಣ ವೈರ್ ತುಂಡು ಸೇರಿಸಿ. ಬ್ರೇಕ್ ಲೈಟ್ ಹತ್ತಿತಾ? ಹಾಗಾದರೆ ಸ್ವಿಚ್ಚೇ ಹಾಳು. ನಾಲ್ಕು ವೈರ್ ಇದ್ದರೆ ಈ ಸಾಹಸ ಬೇಡ, ಮಲ್ಟಿಮೀಟರ್ ಇರುವ ಆಟೋ ಎಲೆಕ್ಟ್ರಿಷಿಯನ್‌ಗೆ ಬಿಡಿ. ಈ ಸ್ವಿಚ್ ದಿನಕ್ಕೆ ನೂರಾರು ಸಲ ಕೆಲಸ ಮಾಡುತ್ತದೆ, ಬೆಂಗಳೂರಿನ ಟ್ರಾಫಿಕ್‌ನಲ್ಲಂತೂ ಕೇಳಲೇಬೇಡಿ. ಒಳಗಿನ ಕಾಂಟ್ಯಾಕ್ಟ್ ಸವೆಯುವುದರಲ್ಲಿ ಆಶ್ಚರ್ಯವಿಲ್ಲ. ಗೇರ್‌ಬಾಕ್ಸ್ ಇಳಿಸುವ ಖರ್ಚಿನ ಮುಂದೆ ಇದರ ಬೆಲೆ ಏನೇನೂ ಅಲ್ಲ.

ಬ್ರೇಕ್ ಲೈಟ್ ಚೆನ್ನಾಗಿಯೇ ಹತ್ತುತ್ತಿದ್ದರೆ? ಆಗ ಕಿವಿಗೆ ಕೆಲಸ. ಎಂಜಿನ್ ಆಫ್ ಮಾಡಿ, ಕೀ ಮಾತ್ರ ‘ಆನ್’ನಲ್ಲಿಡಿ. ಸ್ಟೀರಿಯೋದಂಥದ್ದು ಮಾತ್ರ ಓಡುವ ‘ಎಸಿಸಿ’ಯಲ್ಲಿ ಅಲ್ಲ, ಅಲ್ಲಿ ಈ ಬೀಗಕ್ಕೆ ಕರೆಂಟೇ ಹೋಗುವುದಿಲ್ಲ. ಬ್ಲೋವರ್, ಸ್ಟೀರಿಯೋ ಎಲ್ಲ ನಿಲ್ಲಿಸಿ, ಲಿವರಿನ ಬುಡದತ್ತ ಕಿವಿ ಕೊಟ್ಟು ಬ್ರೇಕ್ ಒತ್ತಿ. ‘ಟಿಕ್’ ಅಂತ ಕೇಳಬೇಕು. ಕೇಳದಿದ್ದರೆ ಸೊಲೆನಾಯ್ಡ್ ಸತ್ತಿದೆ, ಅಥವಾ ಅದಕ್ಕೆ ಕರೆಂಟ್ ತಲುಪುತ್ತಿಲ್ಲ. ಅದರ ಫ್ಯೂಸ್ ಬ್ರೇಕ್ ಲೈಟಿನದಕ್ಕಿಂತ ಬೇರೆಯೇ ಇರಬಹುದು ಅನ್ನುವುದು ನೆನಪಿರಲಿ. ಕೆಲವು ಕಾರುಗಳಲ್ಲಿ ಇನ್ನೊಂದು ತಮಾಷೆ ಇದೆ. ಆಕ್ಸಿಲರೇಟರ್ ಸ್ವಲ್ಪ ಒತ್ತಿದ್ದರೂ ಕಂಪ್ಯೂಟರ್ ಬೀಗ ತೆಗೆಯಲು ಒಪ್ಪುವುದಿಲ್ಲ, ಹಾಗಾಗಿ ದಪ್ಪ ಫ್ಲೋರ್ ಮ್ಯಾಟ್ ಜರುಗಿ ಪೆಡಲ್ ಮೇಲೆ ಕೂತಿದೆಯಾ ಅಂತ ಒಮ್ಮೆ ಕೆಳಗೆ ನೋಡಿಬಿಡಿ.

‘ಟಿಕ್’ ಕೇಳುತ್ತದೆ, ಲೈಟೂ ಹತ್ತುತ್ತದೆ, ಆದರೂ ಲಿವರ್ ಬರುವುದಿಲ್ಲ ಅಂದರೆ ತೊಂದರೆ ಕರೆಂಟಿನದ್ದಲ್ಲ. ಕನ್ಸೋಲ್ ಒಳಗೆ ಚಿಲ್ಲರೆ ಕಾಸು ಬಿದ್ದಿರುತ್ತದೆ, ಮಕ್ಕಳು ಚೆಲ್ಲಿದ ಜ್ಯೂಸ್ ಅಂಟಾಗಿ ಬೀಗದ ಕಡ್ಡಿಯನ್ನೇ ಹಿಡಿದಿರುತ್ತದೆ, ಲಿವರಿನ ಬಟನ್ ಒಳಗಿನ ಪ್ಲಾಸ್ಟಿಕ್ ಮುರಿದಿರುತ್ತದೆ. ಕನ್ಸೋಲ್ ಬಿಚ್ಚಿದರೆ ಎಲ್ಲ ಕಣ್ಣಿಗೆ ಬೀಳುತ್ತದೆ. ಇಷ್ಟೆಲ್ಲ ಆದಮೇಲೂ ಏನೂ ಸಿಗದಿದ್ದರೆ ಮಾತ್ರ ಕೇಬಲ್, ಗೇರ್‌ಬಾಕ್ಸ್ ಕಡೆ ಹೋಗಿ.

ಸರಿ, ಈಗ ಬೇಸ್‌ಮೆಂಟಿನಿಂದ ಹೊರಗೆ ಬರುವುದು ಹೇಗೆ? ಅದಕ್ಕೂ ಕಾರು ಮಾಡಿದವರು ದಾರಿ ಇಟ್ಟಿದ್ದಾರೆ. ಲಿವರಿನ ಪಕ್ಕ, ‘ಪಿ’ ಅಕ್ಷರದ ಹತ್ತಿರ, ಒಂದು ಚಿಕ್ಕ ಮುಚ್ಚಳ ನೋಡಿ. ಟೊಯೋಟಾಗಳಲ್ಲಿ ‘ಶಿಫ್ಟ್ ಲಾಕ್’ ಅಂತ ಬರೆದ ಬಟನ್ ಇರುತ್ತದೆ, ಹೋಂಡಾಗಳಲ್ಲಿ ಮುಚ್ಚಳದ ಕೆಳಗೆ ಕೀ ತೂರಿಸುವಷ್ಟು ಸಂದು. ಮೊದಲು ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆಯಿರಿ. ಬ್ರೇಕ್ ಪೆಡಲ್ ಮೇಲೆ ಕಾಲಿಡಿ. ಸ್ಕ್ರೂಡ್ರೈವರ್ ತುದಿಗೆ ಬಟ್ಟೆ ಸುತ್ತಿ ಮುಚ್ಚಳ ಎಬ್ಬಿಸಿ, ಬಟನ್ ಅಥವಾ ಕೀ ಒತ್ತಿ ಹಿಡಿದುಕೊಂಡೇ ಲಿವರನ್ನು ‘ಎನ್’ಗೆ (ನ್ಯೂಟ್ರಲ್) ತನ್ನಿ. ನಿಮ್ಮ ಕಾರಿನ ಸರಿಯಾದ ಕ್ರಮ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ, ಪುಸ್ತಕ ಇಲ್ಲದಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ ಹುಡುಕಿ.

ಇದು ಗ್ಯಾರೇಜ್ ತನಕ ಮಾತ್ರ. ಬ್ರೇಕ್ ಲೈಟ್ ಹತ್ತದ ಕಾರನ್ನು ‘ಹೇಗೋ ನಡೀತಿದೆಯಲ್ಲ’ ಅಂತ ವಾರಗಟ್ಟಲೆ ಔಟರ್ ರಿಂಗ್ ರೋಡಿನಲ್ಲಿ ಓಡಿಸಿದರೆ, ಹಿಂದಿನವನಿಗೆ ನೀವು ನಿಲ್ಲುತ್ತಿರುವುದು ಗೊತ್ತಾಗುವುದು ಗುದ್ದಿದ ಮೇಲೆಯೇ. ಟೋ ಮಾಡಿಸುವುದಾದರೆ ಕಾರನ್ನು ಪೂರ್ತಿ ಮೇಲೆ ಹೊತ್ತೊಯ್ಯುವ ಫ್ಲಾಟ್‌ಬೆಡ್ ಕರೆಸಿ. ‘ಪಿ’ಯಲ್ಲಿರುವ ಕಾರಿನ ಮುಂದಿನ ಚಕ್ರಗಳನ್ನು ನೆಲದ ಮೇಲೆ ಎಳೆದೊಯ್ದರೆ ಆಗ ನಿಜವಾಗಿಯೂ ಗೇರ್‌ಬಾಕ್ಸ್ ಇಳಿಸಬೇಕಾಗುತ್ತದೆ.

ಪ್ರಶ್ನೆ: ನಮ್ಮ ಮನೆ ಏರಿನಲ್ಲಿದೆ. ರಾತ್ರಿ ‘ಪಿ’ಗೆ ಹಾಕಿ ನಿಲ್ಲಿಸಿದರೆ ಬೆಳಿಗ್ಗೆ ಲಿವರ್ ಎಳೆಯಲು ಎರಡು ಕೈ ಬೇಕು. ಕೊನೆಗೆ ‘ಧಡ್’ ಅಂತ ಶಬ್ದವಾಗಿ ಬರುತ್ತದೆ, ಇಡೀ ಕಾರು ಅಲ್ಲಾಡುತ್ತದೆ. ಸಮತಟ್ಟು ಜಾಗದಲ್ಲಿ ಏನೂ ತೊಂದರೆಯಿಲ್ಲ. ಬ್ರೇಕ್ ಸ್ವಿಚ್ ಬದಲಾಯಿಸಲಾ?
— ಓದುಗರೊಬ್ಬರು, ಮಡಿಕೇರಿ

ಉತ್ತರ: ಸ್ವಿಚ್ ಸರಿಯಾಗಿದೆ, ಅದರ ತಂಟೆಗೆ ಹೋಗಬೇಡಿ. ಸರಿಯಾಗಬೇಕಾದ್ದು ನಿಲ್ಲಿಸುವ ರೀತಿ.

‘ಪಿ’ಗೆ ಹಾಕಿದಾಗ ಗೇರ್‌ಬಾಕ್ಸ್ ಒಳಗೆ ಒಂದು ಚಿಕ್ಕ ಉಕ್ಕಿನ ಕೊಕ್ಕೆ, ಚಕ್ರಗಳಿಗೆ ಸಂಪರ್ಕ ಇರುವ ಹಲ್ಲಿನ ಬಳೆಯೊಂದರ ಸಂದಿಗೆ ಬೀಳುತ್ತದೆ. ಪಾರ್ಕಿಂಗ್ ಪಾಲ್ ಅನ್ನುತ್ತಾರೆ. ನೀವು ಇಳಿಜಾರಿನಲ್ಲಿ ಬ್ರೇಕ್ ಒತ್ತಿ, ‘ಪಿ’ಗೆ ಹಾಕಿ, ಕಾಲು ತೆಗೆದು, ಆಮೇಲೆ ನೆನಪಾದಾಗ ಹ್ಯಾಂಡ್‌ಬ್ರೇಕ್ ಎಳೆಯುತ್ತೀರಿ ಅಲ್ವಾ? ಅಷ್ಟರಲ್ಲಿ ಕಾರು ಒಂದಿಷ್ಟು ಜಾರಿ, ಒಂದು ಟನ್ ಭಾರ ಪೂರ್ತಿ ಆ ಕೊಕ್ಕೆಯ ಮೇಲೆ ಒರಗಿರುತ್ತದೆ. ಬೆಳಿಗ್ಗೆ ನೀವು ಲಿವರ್ ಎಳೆದಾಗ ಆ ಭಾರದ ಕೆಳಗಿನಿಂದ ಕೊಕ್ಕೆಯನ್ನು ಕೀಳುತ್ತಿರುತ್ತೀರಿ. ಆ ‘ಧಡ್’ ಅದೇ.

ಕ್ರಮ ಬದಲಾಯಿಸಿ. ಬ್ರೇಕ್ ಒತ್ತಿ ನಿಲ್ಲಿಸಿ, ‘ಎನ್’ಗೆ ಹಾಕಿ, ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆಯಿರಿ, ಈಗ ಕಾಲಿನ ಬ್ರೇಕ್ ನಿಧಾನಕ್ಕೆ ಬಿಟ್ಟು ಕಾರು ಹ್ಯಾಂಡ್‌ಬ್ರೇಕ್ ಮೇಲೆ ಕೂರಲಿ. ಆಮೇಲೆ ಮತ್ತೆ ಬ್ರೇಕ್ ಒತ್ತಿ ‘ಪಿ’. ಬೆಳಿಗ್ಗೆ ಹೊರಡುವಾಗ ಮೊದಲು ‘ಪಿ’ಯಿಂದ ಹೊರಗೆ ತನ್ನಿ, ನಂತರ ಹ್ಯಾಂಡ್‌ಬ್ರೇಕ್ ಇಳಿಸಿ. ಹ್ಯಾಂಡ್‌ಬ್ರೇಕ್ ಮೇಲೆ ಕಾರು ನಿಲ್ಲದೆ ಜಾರುತ್ತಿದ್ದರೆ ಅದನ್ನು ಮೊದಲು ಬಿಗಿ ಮಾಡಿಸಿ. ಕೊಡಗಿನ ರಸ್ತೆಗಳಲ್ಲಿ ಅದು ಸಡಿಲ ಇರಲೇಬಾರದು.

ಯಾವತ್ತಾದರೂ ಪೂರ್ತಿ ಸಿಕ್ಕಿಕೊಂಡರೆ ಜೋರಾಗಿ ಎಳೆದು ಲಿವರಿನ ಕೇಬಲ್ಲಿನ ಪ್ಲಾಸ್ಟಿಕ್ ಬುಷ್ ಮುರಿದುಕೊಳ್ಳಬೇಡಿ. ಇಳಿಜಾರಿನ ಕಡೆಯ ಚಕ್ರಗಳಿಗೆ ದಪ್ಪ ಕಲ್ಲು ಕೊಟ್ಟು, ಸ್ಟೀರಿಂಗ್ ಮುಂದೆ ಒಬ್ಬರು ಕೂತು, ಇಬ್ಬರು ಕಾರನ್ನು ಏರಿನ ಕಡೆಗೆ ಒಂದೆರಡು ಇಂಚು ನೂಕಿದರೆ ಭಾರ ಇಳಿಯುತ್ತದೆ, ಕೂತವರು ಆಗಲೇ ಬ್ರೇಕ್ ಒತ್ತಿ ಲಿವರ್ ತೆಗೆಯಬೇಕು. ನೂಕುವವರು ಕಾರಿನ ನೇರ ಹಿಂದೆ ನಿಲ್ಲದೆ ಪಕ್ಕದಲ್ಲಿ ನಿಂತು ಕಾರಿನ ಬಾಗಿಲಿನ ಕಂಬಗಳನ್ನು (ಪಿಲ್ಲರ್) ಹಿಡಿದು ನೂಕಲಿ.

ಪ್ರಶ್ನೆ: ನನ್ನ ಸಮಸ್ಯೆ ಉಲ್ಟಾ. ಬ್ರೇಕ್ ಒತ್ತದೆಯೇ ‘ಪಿ’ಯಿಂದ ಲಿವರ್ ಬರುತ್ತಿದೆ. ಬ್ಯಾಟರಿ ಹೊಸದು, ಆದರೂ ಬೆಳಿಗ್ಗೆ ಹೊತ್ತಿಗೆ ಖಾಲಿ. ಎರಡಕ್ಕೂ ಸಂಬಂಧ ಇದೆಯಾ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಇದೆ. ರಾತ್ರಿ ಕಾರು ಲಾಕ್ ಮಾಡಿ ಹಿಂದೆ ಹೋಗಿ ನೋಡಿ, ಬ್ರೇಕ್ ಲೈಟ್ ಉರಿಯುತ್ತಲೇ ಇರುತ್ತದೆ. ಪೆಡಲ್ ಮೇಲೆ ಬಂದಾಗ ಸ್ವಿಚ್ಚಿನ ಮೂತಿಯನ್ನು ಒತ್ತಿ ಹಿಡಿಯಬೇಕು, ಒತ್ತಿದರೇನೇ ಲೈಟ್ ಆರುವುದು. ಹಳೆಯ ಜಪಾನಿ ಮತ್ತು ಕೊರಿಯನ್ ಕಾರುಗಳಲ್ಲಿ ಪೆಡಲಿನ ತೋಳಿನಲ್ಲಿ ಒಂದು ತೂತು, ಅದಕ್ಕೆ ನಾಣ್ಯದಷ್ಟು ಪ್ಲಾಸ್ಟಿಕ್ ಬಿರಡೆ ಇರುತ್ತದೆ. ವರ್ಷ ಕಳೆದಂತೆ ಅದು ಪುಡಿಯಾಗಿ ಉದುರುತ್ತದೆ, ಸ್ವಿಚ್ಚಿನ ಮೂತಿ ತೂತಿನೊಳಗೆ ಹೋಗಿ ಕೂರುತ್ತದೆ. ಕಾರಿಗೆ ನೀವು ಸದಾ ಬ್ರೇಕ್ ಒತ್ತಿಕೊಂಡೇ ಇದ್ದೀರಿ ಅನ್ನಿಸುತ್ತದೆ. ಮ್ಯಾಟ್ ಮೇಲೆ ಬಣ್ಣದ ಪ್ಲಾಸ್ಟಿಕ್ ಚೂರುಗಳು ಬಿದ್ದಿದ್ದರೆ ಇನ್ನು ಬೇರೆ ಪರೀಕ್ಷೆ ಬೇಡ. ಹೊಸ ಬಿರಡೆ ಹಾಕಿಸಿ, ಮುಗಿಯಿತು. ಬಿಡಿಭಾಗ ಸಿಗುವ ತನಕ ರಾತ್ರಿ ಬ್ಯಾಟರಿಯ ನೆಗೆಟಿವ್ ಕಳಚಿಡಿ.

ಪ್ರಶ್ನೆ: ಪದೇ ಪದೇ ಸಿಕ್ಕಿಕೊಳ್ಳುತ್ತದೆ ಅಂತ ನಮ್ಮ ಮೆಕ್ಯಾನಿಕ್ ಬೀಗದ ಕಡ್ಡಿಯನ್ನೇ ಕತ್ತರಿಸಿಬಿಡೋಣ ಅನ್ನುತ್ತಿದ್ದಾರೆ. ಸುಮ್ನೆ ಇದೊಂದು ಯಾಕೆ ಬೇಕು?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಯಾಕೆ ಬಂತು ಅಂತ ಕೇಳಿ. 1980ರ ದಶಕದಲ್ಲಿ ಅಮೆರಿಕದಲ್ಲಿ ಔಡಿ 5000 ಕಾರಿನ ಮೇಲೆ ದೊಡ್ಡ ಗಲಾಟೆ ಎದ್ದಿತು. ‘ಪಿ’ಯಿಂದ ಗೇರ್ ತೆಗೆದ ಕೂಡಲೇ ಕಾರು ತಾನಾಗಿ ನುಗ್ಗುತ್ತದೆ ಅಂತ ದೂರು. 1986ರಲ್ಲಿ ಟಿವಿಯಲ್ಲಿ ಬಂದು ಕಂಪನಿಯ ವ್ಯಾಪಾರವೇ ಕುಸಿಯಿತು. ಬ್ರೇಕ್ ಒತ್ತದೆ ಲಿವರ್ ಬರದ ಹಾಗೆ ಔಡಿ ಆ ಕಾರುಗಳಿಗೆ ಬೀಗ ಹಾಕಿಕೊಟ್ಟಿತು. 1989ರಲ್ಲಿ ಅಲ್ಲಿನ ಸರ್ಕಾರಿ ಸುರಕ್ಷತಾ ಸಂಸ್ಥೆ ಇಂಥ ದೂರುಗಳ ಅಧ್ಯಯನ ಮುಗಿಸಿ ಹೇಳಿದ್ದು, ಹೆಚ್ಚಿನ ಪ್ರಕರಣಗಳಲ್ಲಿ ಚಾಲಕರು ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ಒತ್ತಿದ್ದರು ಅಂತ. ಅಲ್ಲಿ 2010ರ ಸೆಪ್ಟೆಂಬರ್‌ನಿಂದ ಈಚೆಗೆ ತಯಾರಾದ, ‘ಪಿ’ ಇರುವ ಆಟೋಮ್ಯಾಟಿಕ್ ಕಾರುಗಳಿಗೆ ಈ ಬೀಗ ಕಡ್ಡಾಯ.

ನಿಮಗೆ ಇನ್ನೂ ಹತ್ತಿರದ ಕಾರಣ ಬೇಕಾದರೆ, ಅಪ್ಪ ಅಂಗಡಿಗೆ ಇಳಿದಾಗ ಎಂಜಿನ್ ಓಡುತ್ತಿರುವ ಕಾರಿನ ಮುಂದಿನ ಸೀಟಿಗೆ ಹತ್ತಿ ಬರುವ ಮಗುವನ್ನು ನೆನೆಸಿಕೊಳ್ಳಿ. ಕಡ್ಡಿ ಕತ್ತರಿಸುವ ಮೆಕ್ಯಾನಿಕ್ ರಿಪೇರಿ ಮಾಡುತ್ತಿಲ್ಲ, ಹುಡುಕುವ ಕೆಲಸ ತಪ್ಪಿಸಿಕೊಳ್ಳುತ್ತಿದ್ದಾನೆ. ಬೆಂಗಳೂರಿನವರಿಗೆ ಮೇಲೆ ಹೇಳಿದ ಕ್ರಮದಲ್ಲಿಯೇ ಪರೀಕ್ಷಿಸಲು ಹೇಳಿ, ಒಪ್ಪದಿದ್ದರೆ ಬೇರೆ ಗ್ಯಾರೇಜ್ ನೋಡಿ.

ಪ್ರಶ್ನೆ: ನನ್ನ ಎಎಂಟಿ ಕಾರಿನಲ್ಲಿ ‘ಪಿ’ಯೇ ಇಲ್ಲ. ಮೋಸ ಹೋದೆನಾ?
— ಓದುಗರೊಬ್ಬರು, ತುಮಕೂರು

ಉತ್ತರ: ಇಲ್ಲ. ಎಎಂಟಿ ಅಂದರೆ ಒಳಗೆ ಮಾಮೂಲಿ ಮ್ಯಾನ್ಯುಯಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತಿ ಗೇರ್ ಹಾಕುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. ನಮ್ಮಲ್ಲಿ 2014ರ ಸೆಲೆರಿಯೋದಿಂದ ಶುರುವಾಗಿ ಈ ಬಗೆಯ ಹೆಚ್ಚಿನ ಕಾರುಗಳಲ್ಲಿ ‘ಪಿ’ ಇರುವುದಿಲ್ಲ. ಮ್ಯಾನ್ಯುಯಲ್ ಕಾರನ್ನು ಗೇರ್‌ನಲ್ಲಿ ನಿಲ್ಲಿಸುವ ಹಾಗೆಯೇ ಇದನ್ನೂ ನಿಲ್ಲಿಸಿ: ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಒತ್ತಿಕೊಂಡೇ, ಮೂತಿ ಏರಿನ ಕಡೆ ಇದ್ದರೆ ‘ಡಿ’ಗೆ, ಇಳಿಜಾರಿನ ಕಡೆ ಇದ್ದರೆ ‘ಆರ್’ಗೆ ಹಾಕಿ, ಡ್ಯಾಶ್‌ಬೋರ್ಡಿನಲ್ಲಿ ಗೇರ್ ತೋರಿಸುವುದನ್ನು ನೋಡಿಕೊಂಡು ಎಂಜಿನ್ ಆಫ್ ಮಾಡಿ. ಮತ್ತೆ ಸ್ಟಾರ್ಟ್ ಮಾಡುವಾಗ ಬ್ರೇಕ್ ಒತ್ತಿ ‘ಎನ್’ಗೆ ತರಬೇಕಾಗುತ್ತದೆ.