ತೆಂಗಿನ ನಾರಿನ ಪುಡಿ ಯಾವ ಬಣ್ಣವನ್ನು ಹಿಡಿಯುತ್ತದೆ?

ಪ್ರಶ್ನೆ: ಇಳಕಲ್ಲಿನಲ್ಲಿ ಸೀರೆಯ ಹತ್ತಿ ನೂಲಿಗೆ ಬಣ್ಣ ಹಾಕುವ ಸಣ್ಣ ಘಟಕ ನಮ್ಮದು. ಬಣ್ಣ ಹಾಕಿದ ನೂಲಿನ ಲಡಿ ತೊಳೆದ ನೀರಿಗೆ ತೆಂಗಿನ ನಾರಿನ ಪುಡಿ ಹಾಕಿ ನೋಡಿದೆವು. ಕೆಂಪು ರಿಯಾಕ್ಟಿವ್ ಬಣ್ಣ (ಹತ್ತಿಯೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುವ ಬಣ್ಣ) ಹಾಗೆಯೇ ಉಳಿಯಿತು, ಸಾಲದ್ದಕ್ಕೆ ನೀರಿಗೆ ಕಂದು ಛಾಯೆಯೂ ಬಂತು. ನನ್ನ ಮಗಳು ಕಾಲೇಜಿನಲ್ಲಿ ಇದೇ ಪುಡಿಯಿಂದ ಮೆಥಿಲೀನ್ ಬ್ಲೂ ಬಣ್ಣವನ್ನು ತೆಗೆದಿದ್ದಳು. ನಾವು ತಪ್ಪಿದ್ದೆಲ್ಲಿ?

ಉತ್ತರ: ತಪ್ಪು ನಿಮ್ಮದಲ್ಲ, ಎರಡು ಬಣ್ಣಗಳ ಸ್ವಭಾವವೇ ಬೇರೆ. ನಾರಿನ ಪುಡಿಯಲ್ಲಿರುವ ಕಾರ್ಬಾಕ್ಸಿಲ್ ಮುಂತಾದ ಗುಂಪುಗಳಿಂದಾಗಿ ಅದರ ಮೇಲ್ಮೈ ನೀರಿನಲ್ಲಿ ಋಣ ವಿದ್ಯುದಂಶ ಪಡೆಯುತ್ತದೆ. ಆದ್ದರಿಂದ ಧನ ವಿದ್ಯುದಂಶವುಳ್ಳ ಮೆಥಿಲೀನ್ ಬ್ಲೂ ಅದಕ್ಕೆ ಅಂಟಿಕೊಳ್ಳುತ್ತದೆ, ಋಣ ವಿದ್ಯುದಂಶದ ಸಲ್ಫೋನೇಟ್ ಗುಂಪುಗಳಿರುವ ನಿಮ್ಮ ರಿಯಾಕ್ಟಿವ್ ಬಣ್ಣ ದೂರ ಸರಿಯುತ್ತದೆ. ಮೆಥಿಲೀನ್ ಬ್ಲೂ ಒಂದರಿಂದಲೇ ಪುಡಿಯ ಗುಣವನ್ನು ಅಳೆಯುವುದು ಹತ್ತಿ ನೂಲಿನ ಘಟಕಗಳನ್ನು ದಾರಿ ತಪ್ಪಿಸುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಕಂದು ಛಾಯೆ ಪುಡಿಯಿಂದ ಬಿಟ್ಟ ಟ್ಯಾನಿನ್ ಎಂಬ ಸಸ್ಯಜನ್ಯ ಒಗರು ಪದಾರ್ಥದ್ದು. ಪುಡಿಯನ್ನು ಬಿಸಿನೀರಿನಲ್ಲಿ ತಿಳಿಯಾಗುವವರೆಗೆ ತೊಳೆದರೆ ಬಹುಪಾಲು ಹೋಗುತ್ತದೆ.

ಪುಡಿಯನ್ನು ಮಾರ್ಪಡಿಸುವಾಗಲೂ ಇದೇ ಲೆಕ್ಕ. ಸಿಟ್ರಿಕ್ ಆಮ್ಲದಲ್ಲಿ ನೆನೆಸಿ, ಒಣಗಿಸಿ, ಸುಮಾರು 120 ಡಿಗ್ರಿಯಲ್ಲಿ ಕಾಯಿಸುವ ಸುಲಭ ವಿಧಾನ ಕಾರ್ಬಾಕ್ಸಿಲ್ ಗುಂಪುಗಳನ್ನು ಹೆಚ್ಚಿಸುವುದರಿಂದ ನಿಮಗೆ ಉಪಯೋಗವಿಲ್ಲ. ನಿಮಗೆ ಬೇಕಾದದ್ದು ಕ್ವಾಟರ್ನರಿ ಅಮೋನಿಯಂ ಗುಂಪುಗಳನ್ನು ಬೆಸೆದು ಧನ ವಿದ್ಯುದಂಶ ಕೊಟ್ಟ ಪುಡಿ. ಅದರ ತಯಾರಿಕೆಯಲ್ಲಿ ಹಲವೆಡೆ ಬಳಸುವ ಎಪಿಕ್ಲೋರೋಹೈಡ್ರಿನ್ ವಿಷಕಾರಿ, ಕ್ಯಾನ್ಸರ್ ತರುವ ಸಂಭವವಿರುವ ರಾಸಾಯನಿಕ. ದಯವಿಟ್ಟು ಅದನ್ನು ಹಿತ್ತಲಿನಲ್ಲಿ ಪ್ರಯೋಗಿಸಬೇಡಿ.

ಇಂಥ ಪುಡಿ ದೊರೆತರೂ ಉಪ್ಪು ಅಡ್ಡ ಬರುತ್ತದೆ. ಬಣ್ಣದ ತೊಟ್ಟಿಗೆ ಲೀಟರಿಗೆ ಹತ್ತಾರು ಗ್ರಾಂ ಉಪ್ಪು ಹಾಕಿರುತ್ತೀರಿ. ಅದರ ಕ್ಲೋರೈಡ್ ಅಥವಾ ಸಲ್ಫೇಟ್ ಅಯಾನುಗಳು ಬಣ್ಣ ಕೂರಬೇಕಾದ ಜಾಗಕ್ಕೆ ಪೈಪೋಟಿ ನಡೆಸುತ್ತವೆ. ಆದ್ದರಿಂದ ತೊಟ್ಟಿಯ ಮೊದಲ ನೀರನ್ನು ಬೇರೆಯಾಗಿಯೇ ಸಂಗ್ರಹಿಸಿ, ನಂತರದ ತೊಳೆ ನೀರಿನ ಕ್ಷಾರವನ್ನು ತಗ್ಗಿಸಿ, ಅದರಲ್ಲಿ ಪರೀಕ್ಷೆ ಮಾಡಿ: 100 ಮಿಲಿಲೀಟರ್ ನೀರಿಗೆ 1 ಗ್ರಾಂ ಪುಡಿ ಹಾಕಿ, ಒಂದು ಗಂಟೆ ಅಲುಗಾಡಿಸಿ, ಸೋಸಿ, ಗಾಜಿನ ಲೋಟದಲ್ಲಿ ಬಿಳಿ ಕಾಗದದ ಮುಂದೆ ಹಿಡಿದು ಮೂಲ ನೀರಿನೊಂದಿಗೆ ಹೋಲಿಸಿ. ಪ್ರಯೋಗಾಲಯದ ಶುದ್ಧ ನೀರಿನಲ್ಲಿ ಬಣ್ಣ ಕರಗಿಸಿ ಪಡೆದ ಫಲಿತಾಂಶವನ್ನು ನಂಬಿ ಹಣ ಹೂಡಬೇಡಿ.

ಬಣ್ಣ ಹಿಡಿದ ಪುಡಿಯನ್ನು ತಿಪ್ಪೆಗೆ ಹಾಕಿದರೆ ಮಳೆಗೆ ಬಣ್ಣ ಮತ್ತೆ ಹೊರಬರಬಹುದು. ಅದರ ವಿಲೇವಾರಿಯ ಬಗ್ಗೆ ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ಮೊದಲೇ ವಿಚಾರಿಸಿ. ತಿಳಿಯಾದ ನೀರಿನಲ್ಲೂ ಉಪ್ಪು ಉಳಿದೇ ಇರುತ್ತದೆ, ಅದನ್ನು ಹೊಲಕ್ಕೆ ಬಿಡಬೇಡಿ.